ಅತ್ತೆಯವರ ಗಿಡ್ಡರು ಒದ್ದೆ ಮಣ್ಣು ದಾಟಿದ್ದು

ನಮ್ಮ ಅತ್ತೆಯವರು ಏಳು ಜನ ಕುಡುಕರನ್ನು ಸಾಕಿಕೊಂಡಿದ್ದಾರೆ ಎಂದರೆ ನೀವು ನಂಬುವುದಿಲ್ಲ. ಈರುಳ್ಳಿ ಹೆಚ್ಚಿದ ಚಾಕುವನ್ನೇ ಬೇರೆ ಇಡುವ ಹೆಂಗಸು! ಆದರೂ ನಿಜ. ಪುಣೆಯ ಸದಾಶಿವ ಪೇಠಿನ ನಮ್ಮ ಎರಡನೇ ಮಹಡಿಯ ಫ್ಲಾಟಿನಲ್ಲಿ, ಊಟದ ಮೇಜಿನ ಮೇಲಿರುವ ಹಳೆಯ ಲ್ಯಾಪ್‌ಟಾಪಿನೊಳಗೆ, ಆ ಏಳೂ ಜನ ಸುಖವಾಗಿದ್ದಾರೆ. ಗಡ್ಡ ಬಿಟ್ಟ ಕುಳ್ಳರು. ಕೋಟೆ ಕಟ್ಟುವುದು ಅವರ ಕೆಲಸ, ಆದರೆ ಹೊಟ್ಟೆಗೆ ಹೆಂಡ ಬೀಳದೆ ಒಬ್ಬನೂ ಗುದ್ದಲಿ ಮುಟ್ಟುವುದಿಲ್ಲ. ಆ ಕಂಪ್ಯೂಟರ್ ಆಟವನ್ನು ತಯಾರಿಸಿದವರೇ ಅವರನ್ನು ಹಾಗೆ ಮಾಡಿಟ್ಟಿದ್ದಾರೆ. ಅತ್ತೆ ಆ ಹೆಂಡಕ್ಕೆ ‘ಪಾನಕ’ ಎಂದು ಹೆಸರಿಟ್ಟು ಧರ್ಮಸಂಕಟದಿಂದ ಪಾರಾದರು.

ಅತ್ತೆಯವರಿಗೆ ಮೊಣಕಾಲು ನೋವು ಬಂದು ಮೆಟ್ಟಿಲಿಳಿಯುವುದು ನಿಂತಾಗ ಈ ಆಟ ಹಾಕಿಕೊಟ್ಟವರು ನನ್ನ ಯಜಮಾನರು. ಎರಡು ದಿನ ಆಡಿ ಬಿಡುತ್ತಾರೆ ಎಂದುಕೊಂಡು ಅವರು ನೆಮ್ಮದಿಯಾಗಿ ತಳೇಗಾಂವದ ಕಾರ್ಖಾನೆಗೆ ಹೋದರು. ಬಿಡುವುದೆಂದರೇನು? ಅತ್ತೆ ಆ ಕುಳ್ಳರಿಗೆ ‘ನಮ್ಮ ಗಿಡ್ಡರು’ ಎಂದು ಹೆಸರಿಟ್ಟು ಸಂಸಾರವನ್ನೇ ಹೂಡಿದರು. ಉಣ್ಣದೆ ಯಾರೂ ಕೆಲಸಕ್ಕೆ ಹೋಗಕೂಡದು. ಅಮಾವಾಸ್ಯೆಯ ದಿನ ಹೊಸ ಗುಂಡಿ ತೋಡಕೂಡದು. ಅಮಾವಾಸ್ಯೆ ಯಾರದು? ಅಡುಗೆಮನೆಯ ಕ್ಯಾಲೆಂಡರಿನದು! ಪುಣೆಯ ತಿಥಿ ನೋಡಿ ಗುದ್ದಲಿ ಹಿಡಿಯುವ ಕುಳ್ಳರು ಬೇರೆಲ್ಲೂ ಇರಲಾರರು.

ನಾನು ಮೈಸೂರಿನವಳು. ಮನೆಯಿಂದಲೇ ಆಫೀಸಿನ ಕೆಲಸ ಮಾಡುತ್ತೇನೆ, ಅದೇ ಮೇಜಿನ ಇನ್ನೊಂದು ತುದಿಯಲ್ಲಿ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಅತ್ತೆಯವರ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂರುವುದು ರೂಢಿಯಾಯಿತು. ಅವರು ಯೋಚಿಸುವುದು, ನಾನು ಮೌಸ್ ಒತ್ತುವುದು. ಹೀಗೆಯೇ ನಾವಿಬ್ಬರೂ ಒದ್ದೆ ಮಣ್ಣಿನವರೆಗೆ ಬಂದೆವು.

ಗಿಡ್ಡರು ಇನ್ನೂ ಮರದ ಗುಡಿಸಲಿನಲ್ಲಿದ್ದರು. ಚಳಿಗಾಲದ ಹೊತ್ತಿಗೆ ದಾಳಿಕೋರರು ಬರುತ್ತಾರೆ, ಅಷ್ಟರೊಳಗೆ ಕಲ್ಲಿನ ಕೋಟೆ ಆಗಲೇಬೇಕು. ಕಲ್ಲಿರುವುದು ನೆಲದಡಿಯಲ್ಲಿ. ಆದರೆ ಕಲ್ಲಿಗೂ ನಮಗೂ ನಡುವೆ ಒಂದು ಮಣ್ಣಿನ ಪದರ, ಅದರ ತುಂಬ ನೀರು. ಗುದ್ದಲಿ ತಾಗಿದ ಕಡೆಯೆಲ್ಲ ಒಸರುತ್ತದೆ. ಎಚ್ಚರ ತಪ್ಪಿದರೆ ಗುಂಡಿ ತುಂಬಿ ಕೆಲಸಗಾರ ಅಲ್ಲೇ ಮುಳುಗುತ್ತಾನೆ. ಆಟ ಬಲ್ಲವರು ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ಚೌಕಾಕಾರದ ಗುಂಡಿ ತೋಡಬೇಕು, ಒಬ್ಬ ಪಂಪು ತುಳಿದು ನೀರು ಮೇಲಕ್ಕೆ ಎತ್ತುತ್ತಿರಬೇಕು, ಆ ಹೊತ್ತಿನಲ್ಲಿ ಇನ್ನೊಬ್ಬ ಒಸರುವ ಮಣ್ಣಿಗೆ ಒತ್ತಿ ಗೋಡೆ ಕಟ್ಟಬೇಕು. ನಾಲ್ಕೂ ಬದಿ ಮುಚ್ಚಿದರೆ ನಡುವಿನ ಮೆಟ್ಟಿಲು ಒಣಗಿರುತ್ತದೆ.

ಹತ್ತು ದಿನ ಹಿಡಿಯಿತು. ಪರದೆಯ ಮೇಲಿನ ನೆಲವೆಲ್ಲ ಚದುರಂಗದ ಹಾಗೆ ಚೌಕ ಚೌಕ. ಮೂರು ಬದಿ ಮುಗಿದು ನಾಲ್ಕನೆಯದರಲ್ಲಿ ಒಂದೇ ಒಂದು ಚೌಕ ಉಳಿದಿತ್ತು. ಇಬ್ಬರು ಆಗಲೇ ಕೆಳಗಿಳಿದು ಕಲ್ಲು ಕೊರೆಯುತ್ತಿದ್ದರು. ಬುಧವಾರ ಮಧ್ಯಾಹ್ನ ಯಾರೋ ಬೆಲ್ ಒತ್ತಿದರು.

“ಬಂದೆ ತಡೀ,” ಎಂದು ಅತ್ತೆ ಎದ್ದರು. “ಆ ಕಡೇ ಗ್ವಾಡಿ ಅಷ್ಟು ಹಾಕಿಬಿಡು. ಮಣ್ಣಿಗೆ ಹತ್ತಿಸೇ ಹಾಕವಾ, ನಡುವ ಜಾಗಾ ಬಿಡಬ್ಯಾಡ.”

ಕಿವಿಯಲ್ಲಿ ಆಫೀಸಿನ ಮೀಟಿಂಗು, ಕೈಯಲ್ಲಿ ಗೋಡೆ. ಒತ್ತಿದೆ. ಮಣ್ಣಿಗೆ ಹತ್ತದೆ ಒಂದು ಚೌಕ ಈಚೆಗೆ ಬಿತ್ತು, ನಡುವೆ ಒಬ್ಬ ನಿಲ್ಲುವಷ್ಟು ಸಂದು! ಗೋಡೆ ಕಟ್ಟುವವನು ಆ ಸಂದಿನೊಳಗೆ ನಿಂತೇ ಕಟ್ಟಿದ. ಮುಂದೆ ಅವನೇ ಕಟ್ಟಿದ ಗೋಡೆ, ಹಿಂದೆ ಒಸರುವ ಮಣ್ಣು, ಪಂಪು ಇರುವುದು ಗೋಡೆಯ ಆಚೆ. ಆ ಆಟದಲ್ಲಿ ನೀರನ್ನು ಏಳರ ಲೆಕ್ಕದಲ್ಲಿ ಅಳೆಯುತ್ತಾರೆ, ಏಳಾದರೆ ಆಮೇಲೆ ಉಳಿಯುವುದು ಒಂದು ಉಸಿರಿನ ಹೊತ್ತು. ನಾನು ನೋಡುತ್ತಿದ್ದಂತೆ ಎರಡು, ಮೂರು, ನಾಲ್ಕು.

“ಅತ್ತೆ!”

ಮೊಣಕಾಲು ನೋವಿನ ಹೆಂಗಸು ಬಾಗಿಲಿನಿಂದ ಮೇಜಿಗೆ ಹೇಗೆ ಹಾರಿ ಬಂದರೋ ತಿಳಿಯದು. ಒಂದೇ ಬೆರಳಿನಿಂದ ಆಟವನ್ನು ನಿಲ್ಲಿಸಿದರು. ನೀರು ಐದಕ್ಕೆ ನಿಂತಿತು.

ಅಷ್ಟೇ. ಬೈಗುಳ ಇಲ್ಲ, ಗೊಣಗಾಟ ಇಲ್ಲ. ಕೈಕಟ್ಟಿ ಪರದೆ ನೋಡುತ್ತ ಕೂತರು. ನಿಲ್ಲಿಸಿದ ಆಟ ಎಷ್ಟು ಹೊತ್ತಾದರೂ ನಿಂತೇ ಇರುತ್ತದೆ. ಬುಧವಾರ ಹೋಗಿ ಗುರುವಾರ ಬಂದರೂ ಆ ಬಡಪಾಯಿ ಎದೆಮಟ್ಟದ ನೀರಿನಲ್ಲೇ ನಿಂತಿದ್ದ. ಅತ್ತೆ ನನ್ನೊಡನೆ ಒಂದು ಮಾತೂ ಆಡಲಿಲ್ಲ.

ಮಾವನವರು ಚಹಾದ ಕಪ್ಪು ಹಿಡಿದು ಮೇಜಿನ ಬಳಿ ಬಂದರು. “ಸೇವ್ ಮಾಡಿ ಮುಚ್ಚಿಡಬಾರದೇನು? ಕಪ್ಪು ಇಡಲಿಕ್ಕೂ ಜಾಗಾ ಇಲ್ಲ.”

“ಸೇವ್ ಮಾಡೇನಿ. ಮುಚ್ಚೂದಿಲ್ಲ. ಅಂವ ಒಬ್ಬನಽ ಕತ್ತಲ್ಯಾಗ ನಿಂದರಬೇಕೇನು? ನೀವು ನಿಂತಽ ಚಹಾ ಕುಡೀರಿ.”

ಮಾವ ಎರಡು ದಿನ ನಿಂತೇ ಚಹಾ ಕುಡಿದರು. ನಾವೆಲ್ಲ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಉಂಡೆವು. ಯಜಮಾನರು ಸುಲಭದ ದಾರಿ ಹೇಳಿದರು: “ಅಮ್ಮಾ, ಬುಧವಾರ ಮುಂಜಾನಿ ಸೇವ್ ಮಾಡಿದ್ದು ಇರ್ತದಲ್ಲ, ಅಲ್ಲಿಂದ ಮತ್ತ ಆಡು.”

“ಆದದ್ದನ್ನ ಆಗಿಲ್ಲ ಅಂತ ಹ್ಯಾಂಗ ಅನ್ನೂದೋ?” ಎಂದರು ಅತ್ತೆ.

ಗೋಡೆ ಒಡೆಯುವುದೇ? ಆ ನೀರೆಲ್ಲ ಕೆಳಗೆ ಕಲ್ಲು ಕೊರೆಯುವ ಇಬ್ಬರ ತಲೆಯ ಮೇಲೆ. ಬಿಡುವುದೇ? ಇವನು ಮುಳುಗುತ್ತಾನೆ. ನಾನು ಮೀಟಿಂಗಿನಲ್ಲಿ ಏನು ಮಾತಾಡಿದೆನೋ ಕೇಳಬೇಡಿ. ಕಣ್ಣೆಲ್ಲ ಮೇಜಿನ ಆ ತುದಿಯಲ್ಲಿತ್ತು. ಅತ್ತೆ ಹೀಗೆ ಮೌನ ಹಿಡಿದು ಕೂರುವುದಕ್ಕಿಂತ ನಾಲ್ಕು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಶುಕ್ರವಾರ ಮಧ್ಯಾಹ್ನ ಬಚ್ಚಲಿನ ಗೋಡೆ ಒಸರುತ್ತದೆಂದು ಪ್ಲಂಬರ್ ಬಂದ. ನಡುವಯಸ್ಸಿನ ಮರಾಠಿ ಮನುಷ್ಯ. ಕೆಲಸ ಮುಗಿಸಿ ಹೊರಟವನನ್ನು ಅತ್ತೆ ತಡೆದು, ಕುರ್ಚಿ ಕೊಟ್ಟು, ಪರದೆ ತೋರಿಸಿ, ಮರಾಠಿಯಲ್ಲಿ ಎಲ್ಲವನ್ನೂ ವಿವರಿಸಿದರು. ಅವನು ನಗಲಿಲ್ಲ! ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, ಮೂಗಿನ ತುದಿಗೆ ಕನ್ನಡಕ ಇಳಿಸಿ ಐದು ನಿಮಿಷ ದಿಟ್ಟಿಸಿದ.

“ಕಾಕೂ, ಭಿಂತ್ ಫೋಡೂ ನಕಾ. ವರೂನ್ ಉಘಡಾ.”

ಅತ್ತೆ ನನ್ನ ಕಡೆ ತಿರುಗಿದರು. ಎರಡು ದಿನದಲ್ಲಿ ಮೊದಲ ಮಾತು. “ಗ್ವಾಡಿ ಒಡೀಬ್ಯಾಡ್ರಿ, ಮ್ಯಾಲಿಂದ ತಗೀರಿ ಅಂತಾನ. ಬಾ, ಕೂಡು. ಅಂವನ ಹಿಂದಿನ ಮಣ್ಣನ್ನ ಮ್ಯಾಲಿನ ನೆಲದಿಂದ ತೋಡಿಸು. ಇಳಿಜಾರು ಆಗ್ತದ, ಏರಿ ಬರ್ತಾನ.”

ನಾನು ಕುರ್ಚಿ ಎಳೆದುಕೊಂಡೆ. ಈ ಸಲ ಚೌಕವನ್ನು ಮೂರು ಸಲ ಎಣಿಸಿ ಒತ್ತಿದೆ. ಅತ್ತೆ ನಿಂತ ಆಟವನ್ನು ಮತ್ತೆ ಓಡಲು ಬಿಟ್ಟರು. ಮೇಲಿದ್ದ ಗಿಡ್ಡನೊಬ್ಬ ಗುದ್ದಲಿ ಎತ್ತಿ ಹೊರಟ. ನೀರು ಆರು. ನಾಲ್ಕು ಹೆಜ್ಜೆ ಬಂದವನು ಗಕ್ಕನೆ ತಿರುಗಿದ. ಎಲ್ಲಿಗೆ? ಪಾನಕಕ್ಕೆ!

“ಏ ಭಾಡ್ಯಾ! ಈಗ ನೀರಡಿಕಿ ಆಗಬೇಕೇನು ನಿನಗ?” ಅತ್ತೆ ಮತ್ತೆ ನಿಲ್ಲಿಸಿದರು. ಆಟ ನಿಲ್ಲಿಸಬಹುದು, ಅವನ ಬಾಯಾರಿಕೆ ನಿಲ್ಲಿಸಲಾಗದು. ಬಿಟ್ಟರು. ಕುಡಿದ. ನಿಧಾನವಾಗಿ ಕುಡಿದ. ಪ್ಲಂಬರ್ ಕುರ್ಚಿಯ ತುದಿಗೆ ಬಂದಿದ್ದ, ಮಾವನ ಚಹಾ ತಟ್ಟೆಗೆ ತುಳುಕುತ್ತಿತ್ತು. ಕುಡಿದ ಗಿಡ್ಡ ಬಂದ, ಗುದ್ದಲಿ ಹಾಕಿದ, ಒಂದು ಸಲ, ಎರಡು ಸಲ. ನೀರು ಏಳು. ಮುಳುಗುತ್ತಿದ್ದವನ ಗುರುತು ಕೆಂಪಾಗಿ ಮಿಣುಕತೊಡಗಿತು. ನಾನು ಕಣ್ಣು ಮುಚ್ಚಿಕೊಂಡೆ.

“ವಾಚಲಾ! ಕಾಕೂ, ವಾಚಲಾ!” ಪ್ಲಂಬರ್ ಕೂಗಿದ, ಬದುಕಿದ ಎಂದು.

ಕಣ್ಣು ಬಿಟ್ಟರೆ ಗಿಡ್ಡ ನಿಜಕ್ಕೂ ಬದುಕಿ ಮೇಲೆ ಹುಲ್ಲಿನಲ್ಲಿ ನಿಂತಿದ್ದ. ಬಿಟ್ಟುಬಂದ ಸಂದು ನೀರಿನಿಂದ ತುಂಬಿತು, ಆದರೆ ಅವನು ಕಟ್ಟಿದ ಗೋಡೆ ಮಾತ್ರ ಅಲುಗಲಿಲ್ಲ. ಕೆಳಗಿನ ಮೆಟ್ಟಿಲು ಒಣಗಿತ್ತು. ಕಲ್ಲಿಗೆ ದಾರಿಯಾಗಿತ್ತು! ಪ್ಲಂಬರ್ ತಾನೇ ಮುಳುಗಿ ಎದ್ದವನಂತೆ ಉಸಿರು ಬಿಟ್ಟು, ನಮ್ಮ ಬಚ್ಚಲು ಇನ್ನೂ ಒಸರಿದರೆ ಕರೆಯಿರಿ ಎಂದು ಹೇಳಿ ಹೋದ. ಮಾವನವರು ಎರಡು ದಿನದ ನಂತರ ಕೂತರು.

ನನಗೆ ತಡೆಯಲಾಗಲಿಲ್ಲ. “ತಪ್ಪಾಯ್ತು ಅತ್ತೆ. ನೀವು ಎರಡು ದಿನ ಮಾತೇ ಆಡ್ಲಿಲ್ಲ. ನನ್ನ ಮೇಲೆ ಅಷ್ಟು ಕೋಪ ಬಂತಾ?”

ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ ಕೂತರು.

“ಸಿಟ್ಟಲ್ಲವಾ, ಹೆದರಿಕಿ. ಅಂವ ನಿನ್ನ ಕೈಯಾಗ ಸತ್ತನಂದ್ರ ನೀ ಮತ್ತ ಈ ಕಡೆ ಬರ್ತಿದ್ದಿಲ್ಲ. ಆಮ್ಯಾಲೆ ಮಧ್ಯಾಹ್ನ ನನ್ನ ಜೋಡಿ ಕೂಡವ್ರು ಯಾರು?”

ಮೇಜಿನ ಆ ತುದಿಯಲ್ಲಿ ನನ್ನ ಲ್ಯಾಪ್‌ಟಾಪು ಮೂರು ಗಂಟೆಗಿದ್ದ ಮೀಟಿಂಗಿಗೆ ಕೂಗತೊಡಗಿತು. ನಾನು ಏಳಲಿಲ್ಲ.