ಕಾರ್ಖಾನೆಯ ಕೈಗುಣ

ನಾನು ಸುಮ್ಮಸುಮ್ಮನೆ ಸಿಡುಕುವ ಮನುಷ್ಯನಲ್ಲ. (ಈ ವಾಕ್ಯವನ್ನು ಹೆಗಲ ಮೇಲಿಂದ ಬಗ್ಗಿ ಓದಿ ನನ್ನ ಹೆಂಡತಿ ಸ್ಲಾವೊಯ್ಕಾ ಕಿಸಕ್ಕನೆ ನಕ್ಕಳು. ನೀವು ಅದಕ್ಕೆ ಗಮನ ಕೊಡಬೇಡಿ.) ಆದರೆ ತಾಳ್ಮೆಗೂ ಒಂದು ಮಿತಿ ಇರುತ್ತದೆ. ಸಂತೆಯಲ್ಲಿ ಕೊಂಡ ಅಗ್ಗದ ಇಸ್ತ್ರಿಪೆಟ್ಟಿಗೆ ಕೆಟ್ಟರೆ ರಿಪೇರಿ ಮಾಡಲು ನಮ್ಮ ಲೆಸ್ಕೊವಾಟ್ಸ್ ಊರಿನಲ್ಲಿ ಹದಿನಾಲ್ಕು ಜನ ಇದ್ದಾರೆ. ಅಪ್ಪನ ಕಾಲದ ಪ್ಲಮ್ ತೋಪನ್ನೇ ಮಾರಿ ಕೊಂಡ ಆಂಪ್ಲಿಫೈಯರ್ ಕೆಟ್ಟರೆ ಅದನ್ನು ಮುಟ್ಟುವ ಅಧಿಕಾರ ಇಡೀ ಭೂಮಂಡಲದಲ್ಲಿ ಒಂದೇ ಒಂದು ಕಾರ್ಖಾನೆಗೆ ಇದೆಯಂತೆ. ಇದು ಯಾವ ಸೀಮೆಯ ನ್ಯಾಯ?

ಆ ಕಂಪನಿಯ ಹೆಸರು ಹೇಳುವುದಿಲ್ಲ. ಅಲ್ಲಿ ವಕೀಲರ ವಿಭಾಗ ಮಾತ್ರ ಚುರುಕಾಗಿ ಕೆಲಸ ಮಾಡುತ್ತದೆ ಎಂಬ ಅನುಮಾನ ನನಗಿದೆ.

ಆಂಪ್ಲಿಫೈಯರ್ ಎಂದರೆ ಅಂತಿಂಥದ್ದಲ್ಲ. ನಲವತ್ತೊಂದು ಕಿಲೋ ತೂಕ, ಕಪ್ಪು ಲೋಹದ ಮೈ, ಮುಖದಲ್ಲಿ ಒಂದೇ ಒಂದು ಗುಂಡಿ. ("ಇಷ್ಟು ದುಡ್ಡಿಗೆ ಒಂದೇ ಗುಂಡೀನಾ?" ಎಂದು ಸ್ಲಾವೊಯ್ಕಾ ಅಂದೇ ಕೇಳಿದ್ದಳು.) ಇಂಥ ಯಂತ್ರದ ಬೆಲೆ ತಿಳಿಯಲು ಕಿವಿ ಬೇಕು. ನನ್ನ ಕಿವಿ ಸಾಮಾನ್ಯದ್ದಲ್ಲ. ಊರಿನ ಉಣ್ಣೆ ಗಿರಣಿಯಲ್ಲಿ ಮೂವತ್ತೊಂದು ವರ್ಷ ಮೇಲ್ವಿಚಾರಕನಾಗಿದ್ದವನು ನಾನು. ಇನ್ನೂರು ಮಗ್ಗಗಳ ನಡುವೆ ಕಣ್ಣು ಮುಚ್ಚಿ ನಿಂತು, ಯಾವ ಮಗ್ಗಕ್ಕೆ ಎಣ್ಣೆ ಬೇಕು ಎಂದು ಹೇಳುತ್ತಿದ್ದೆ. ಆ ಗದ್ದಲದಲ್ಲಿ ಮೂರು ದಶಕ ಕಳೆದ ಕಿವಿಗೆ ಅಡುಗೆಮನೆಯಿಂದ ಕೂಗಿದ್ದು ಯಾಕೆ ಕೇಳಿಸುವುದಿಲ್ಲ ಎನ್ನುವುದು ನನ್ನ ಹೆಂಡತಿಯ ಪ್ರಶ್ನೆ. ಅದು ಬೇರೆ ವಿಷಯ.

ಪ್ರತಿ ನವೆಂಬರ್ ಎಂಟರಂದು ನಮ್ಮ ಮನೆತನದ ಸಂತನ ಹಬ್ಬ. ಮೂವತ್ತು ಜನ ಬರುತ್ತಾರೆ. ಊಟವಾದ ಮೇಲೆ ಎಲ್ಲರನ್ನೂ ಕೂಡಿಸಿ ನಾನು ಒಂದು ಗ್ರಾಮಫೋನ್ ತಟ್ಟೆ ಹಾಡಿಸುತ್ತೇನೆ, ಅದಕ್ಕೆ ಮುಂಚೆ ಧ್ವನಿಯ ಮರ್ಮದ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ವರ್ಷದಲ್ಲಿ ಈ ಮನೆಯಲ್ಲಿ ನಾನು ಮಾತಾಡಿ ಉಳಿದವರು ಕೇಳುವುದು ಆ ಅರ್ಧ ಗಂಟೆ ಮಾತ್ರ. ಅದನ್ನು ಬಿಟ್ಟುಕೊಡುವುದು ಸಾಧ್ಯವೇ ಇರಲಿಲ್ಲ.

ಆಗಸ್ಟ್ ಕೊನೆಯ ವಾರದಲ್ಲಿ ಎಡಗಡೆಯ ಸ್ಪೀಕರಿನಿಂದ "ಗುಂಯ್" ಎಂಬ ಸದ್ದು ಶುರುವಾಯಿತು.

ಸುದ್ದಿ ತಿಳಿದು ಮೊದಲು ಬಂದವನು ನನ್ನ ಷಡ್ಡಕ ವುಕೊಮಾನ್. ಸ್ಲಾವೊಯ್ಕಾಳ ತಂಗಿಯ ಗಂಡ. ಅವನ ಹತ್ತಿರವೂ ಒಂದು ಆಂಪ್ಲಿಫೈಯರ್ ಇದೆ. ಅದು ನನ್ನ ಮದುವೆಗಿಂತ ಹಳೆಯದು, ಮುಚ್ಚಳವನ್ನು ಸೈಕಲ್ ಟ್ಯೂಬಿನಿಂದ ಬಿಗಿದಿದ್ದಾನೆ. ಕೆಟ್ಟಾಗಲೆಲ್ಲ ಬಸ್ ನಿಲ್ದಾಣದ ಹತ್ತಿರದ ಗ್ರಾದಿಮಿರನ ರಿಪೇರಿ ಅಂಗಡಿಗೆ ಒಯ್ಯುತ್ತಾನೆ. ಅಂದು ಗ್ರಾದಿಮಿರನನ್ನೂ ಜೊತೆಗೆ ಕರೆತಂದಿದ್ದ.

ಗ್ರಾದಿಮಿರ ಬಗ್ಗಿ, ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡಿದ.

"ಅಣ್ಣಾ, ಇದರ ಸ್ಕ್ರೂಗೆ ಐದು ಮೂಲೆ ಇದೆ. ಇಂಥ ಸ್ಕ್ರೂಡ್ರೈವರ್ ಅಂಗಡೀಲಿ ಸಿಗಲ್ಲ, ನಾನೇ ಅರದಿಂದ ಉಜ್ಜಿ ಮಾಡ್ಕೋಬೇಕು. ಒಳಗಿನ ಬಿಡಿಭಾಗದ ನಂಬರೆಲ್ಲ ಉಜ್ಜಿ ಹಾಕಿದ್ದಾರೆ, ಕದ್ದ ಗಾಡಿ ಥರ."

"ರಹಸ್ಯ ಕಾಪಾಡೋಕೆ," ಎಂದೆ.

"ಇರ್ಲಿ. ಈ ಗುಂಯ್ ಯಾವ ಜಾತೀದು ಅಂತ ನಂಗೊತ್ತು. ಒಂದು ಗಂಟೆ ಕೊಡಿ ಸಾಕು."

"ಮುಟ್ಟಬೇಡ! ಅಲ್ಲಿ ಅಂಟಿಸಿರೋ ಚೀಟಿ ಹರಿದ್ರೆ ಗ್ಯಾರಂಟಿ ಹೋಗುತ್ತೆ. ಕಾರ್ಖಾನೆಯವರ ಕೈ ಬಿಟ್ಟು ಬೇರೆ ಕೈ ಇದಕ್ಕೆ ಸೋಕಿದ್ರೆ ನಾನು ಈ ಮನೇಲಿ ಇರಲ್ಲ."

"ಎಲ್ಲಿಗ್ರೀ ಹೋಗ್ತೀರಿ?" ಎಂದು ಸ್ಲಾವೊಯ್ಕಾ ಆಸೆಯಿಂದಲೇ ಕೇಳಿದಳು.

ವುಕೊಮಾನ್ ಹಲ್ಲು ಕಿರಿದ. "ಭಾವ, ತೆರೆಯೋಕೆ ಬಿಡದೆ ಇರೋ ವಸ್ತು ನಿಮ್ದು ಹೇಗಾಗುತ್ತೆ? ಹಬ್ಬದ ಹೊತ್ತಿಗೆ ಇದು ಹಾಡದಿದ್ರೆ ಹೇಳಿ, ನಂದು ತಂದು ಇಡ್ತೀನಿ."

ಸೈಕಲ್ ಟ್ಯೂಬು ಸುತ್ತಿದ ಆ ಡಬ್ಬಿ ನನ್ನ ಹಬ್ಬದಲ್ಲಿ! ನಾನು ಅಂದೇ ಕಂಪನಿಗೆ ಬರೆದೆ.

ಅಲ್ಲಿ ದೂರು ವಿಭಾಗ ಎಂಬುದೇ ಇಲ್ಲ. "ಗ್ರಾಹಕಾನಂದ ವಿಭಾಗ" ಎಂದಿದೆ. ಒಂಬತ್ತು ದಿನ ಆನಂದದಲ್ಲಿ ಮುಳುಗಿದ್ದು ಆಮೇಲೆ ಎದ್ದು ಉತ್ತರ ಕೊಟ್ಟರು: "ಸದರಿ ಶಬ್ದವು ತಮಗೊಬ್ಬರಿಗೇ ಕೇಳಿಸುತ್ತಿದೆಯೇ, ಇತರರಿಗೂ ಕೇಳಿಸುತ್ತಿದೆಯೇ?" ಇತರರಿಗೂ ಎಂದು ಬರೆದೆ. ವಾರದ ನಂತರ: "ತಮ್ಮ ಊರಿನ ವಿದ್ಯುತ್ತು ಪರಿಶುದ್ಧವೇ?" ಚರ್ಚಿನ ತೀರ್ಥದಷ್ಟೇ ಪರಿಶುದ್ಧ ಎಂದು ಬರೆದುಬಿಡೋಣ ಎನಿಸಿತು, ತಡೆದುಕೊಂಡೆ. ಮೂರನೆಯ ಪತ್ರದಲ್ಲಿ ಯಂತ್ರವನ್ನು ಆರಿಸಿ ಮತ್ತೆ ಹಚ್ಚುವಂತೆ ಸಲಹೆ. ಪ್ಲಮ್ ತೋಪು ಕೊಟ್ಟವನಿಗೆ ಆರಿಸಿ ಹಚ್ಚುವ ವಿದ್ಯೆ ಗೊತ್ತಿಲ್ಲವೇ? ನಾನು ಖಾರವಾಗಿ ಬರೆದ ಮೇಲೆ ಕೊನೆಗೆ ಒಪ್ಪಿದರು. ಆದರೆ ಯಂತ್ರವನ್ನು ಅದು ಬಂದ ಮೂಲ ಪೆಟ್ಟಿಗೆಯಲ್ಲೇ ಕಳಿಸಬೇಕು. ಬೇರೆ ಪೆಟ್ಟಿಗೆಯಲ್ಲಿ ಬಂದ ಯಂತ್ರವನ್ನು ಅವರು ಯಂತ್ರವೆಂದೇ ಪರಿಗಣಿಸುವುದಿಲ್ಲ.

ಪೆಟ್ಟಿಗೆ ನೆಲಮಾಳಿಗೆಯಲ್ಲಿ ಇತ್ತು, ಆದರೆ ಖಾಲಿ ಇರಲಿಲ್ಲ. ಸೆಪ್ಟೆಂಬರ್ ಅಂದರೆ ಊರಿಗೆ ಊರೇ ಕೆಂಪು ಮೆಣಸಿನಕಾಯಿ ಸುಟ್ಟು, ಸಿಪ್ಪೆ ಸುಲಿದು, ಕುದಿಸಿ ಐವಾರ್ ಮಾಡುವ ಕಾಲ. ಸ್ಲಾವೊಯ್ಕಾ ಆ ವರ್ಷದ ಐವಾರ್ ಬಾಟಲಿಗಳನ್ನೆಲ್ಲ ನನ್ನ ಪೆಟ್ಟಿಗೆಯಲ್ಲಿ ಜೋಡಿಸಿಟ್ಟಿದ್ದಳು.

"ಏನೇ ಇದು! ಅದು ಮೂಲ ಪೆಟ್ಟಿಗೆ ಕಣೇ!"

"ಅದಕ್ಕೇ ಇಟ್ಟಿದ್ದು. ಇಷ್ಟು ದಪ್ಪ ಸ್ಪಂಜು ಬೇರೆ ಯಾವುದಕ್ಕಿದೆ? ಒಂದು ಬಾಟ್ಲಿ ಒಡೆದಿಲ್ಲ ನೋಡಿ. ನಿಮ್ಮ ಕಂಪನಿಯವರು ಸರಿಯಾಗಿ ಮಾಡಿರೋದು ಇದೊಂದೇ."

"ಖಾಲಿ ಮಾಡು."

"ಎಷ್ಟು ತಿಂಗಳಿಗೆ ವಾಪಸ್ ಬರುತ್ತಂತೆ?"

"ಅದನ್ನ ಹೇಳಿಲ್ಲ."

"ಹಬ್ಬದೊಳಗೆ?"

"ಆನಂದ ವಿಭಾಗದವರು 'ಯಥಾಸಾಧ್ಯ' ಅಂದಿದ್ದಾರೆ."

ಅವಳು ನನ್ನನ್ನೇ ಒಂದು ಗಳಿಗೆ ನೋಡಿ, "ಆಯ್ತು ಬಿಡಿ, ವುಕೊಮಾನ್‌ನ ಕರೆದು ನಾನೇ ಕಟ್ಟಿಸ್ತೀನಿ. ನಿಮ್ಮ ಸೊಂಟಕ್ಕೆ ಡಾಕ್ಟ್ರು ಭಾರ ಎತ್ತಬೇಡಿ ಅಂದಿದ್ದಾರೆ," ಎಂದಳು. ಎಷ್ಟು ಸುಲಭವಾಗಿ ಒಪ್ಪಿಬಿಟ್ಟಳು ಎಂದು ನನಗೆ ಕಣ್ಣು ತುಂಬಿ ಬಂತು. ಮರುದಿನ ಅದನ್ನು ಹೊತ್ತೊಯ್ಯುವ ದೃಶ್ಯ ನೋಡಲಾರದೆ ನಾನು ನದಿಯ ದಂಡೆಗೆ ಹೋಗಿ ಕೂತೆ. ಬರುವಷ್ಟರಲ್ಲಿ ಪೆಟ್ಟಿಗೆಗೆ ಟೇಪು ಬಿಗಿದು, ಮೊಹರು ಹಾಕಿ ಬಾಗಿಲಲ್ಲಿ ಇಟ್ಟಿದ್ದರು. ಕೊರಿಯರಿನವನು ತಕ್ಕಡಿಗೆ ಏರಿಸಿದ: ಪೆಟ್ಟಿಗೆಯ ತೂಕ ಕಳೆದು ಸರಿಯಾಗಿ ನಲವತ್ತೊಂದು ಕಿಲೋ. ನಾನು ಪೆಟ್ಟಿಗೆಯ ನೆತ್ತಿ ಸವರಿ ಬೀಳ್ಕೊಟ್ಟೆ. ವುಕೊಮಾನ್ ಯಾಕೋ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ.

ಐದು ವಾರ ನಾನು ಅನುಭವಿಸಿದ್ದು ಶತ್ರುವಿಗೂ ಬೇಡ. ಫೋನ್ ಮಾಡಿದರೆ ಪಿಟೀಲು ಬಾರಿಸುತ್ತಿದ್ದರು, ಅದೂ ಕೆಟ್ಟ ಸ್ಪೀಕರಿನಲ್ಲಿ. ಇಪ್ಪತ್ತು ನಿಮಿಷ ಪಿಟೀಲು ಕೇಳಿಸಿ, ನಿಮ್ಮ ಕರೆ ನಮಗೆ ಅಮೂಲ್ಯ ಎಂದು ಹೇಳಿ ಕಡಿದುಬಿಡುತ್ತಿದ್ದರು. ಅಮೂಲ್ಯವಾದದ್ದನ್ನು ಯಾರಾದರೂ ಹಾಗೆ ಕಡಿಯುತ್ತಾರೆಯೇ? ನವೆಂಬರ್ ಮೂರಕ್ಕೆ ಕೊನೆಗೂ ಪತ್ರ ಬಂತು, ಜೊತೆಗೆ ಬಂಗಾರದ ಅಂಚಿನ ಪ್ರಮಾಣಪತ್ರದ ಚಿತ್ರ. ನಾನು ಸ್ಲಾವೊಯ್ಕಾಗೆ ಗಟ್ಟಿಯಾಗಿ ಓದಿ ಹೇಳಿದೆ.

"ತಮ್ಮ ಘಟಕವನ್ನು ನಮ್ಮ ಹಿರಿಯ ತಜ್ಞರು ಎಪ್ಪತ್ತೆರಡು ಗಂಟೆಗಳ ಕಾಲ ಸತತವಾಗಿ ಪರೀಕ್ಷಿಸಿ, ಎರಡೂ ಪಾರ್ಶ್ವಗಳನ್ನು ಶ್ರುತಿಗೊಳಿಸಿದ್ದಾರೆ. ಧ್ವನಿಯು ಬೆಚ್ಚಗಿದ್ದು, ಮೂಲ ಗುಣಕ್ಕೆ ಅನುಗುಣವಾಗಿದೆ."

ಸ್ಲಾವೊಯ್ಕಾ ಏಪ್ರನ್ನನ್ನು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ಅವಳ ಭುಜ ಅಲುಗುತ್ತಿತ್ತು. ಪಾಪ, ನನಗಾಗಿ ಅಳುತ್ತಿದ್ದಾಳೆ ಎಂದುಕೊಂಡೆ.

ಆರನೇ ತಾರೀಖು ಪೆಟ್ಟಿಗೆ ಬಂತು. "ಹಬ್ಬ ಬಂತು, ಕ್ಷೌರ ಮಾಡಿಸ್ಕೊಂಡು ಬನ್ನಿ, ಅಷ್ಟರಲ್ಲಿ ನಾನು, ವುಕೊಮಾನ್ ಸೇರಿ ಬಿಚ್ಚಿ ಇಟ್ಟಿರ್ತೀವಿ," ಎಂದಳು ಸ್ಲಾವೊಯ್ಕಾ. ವಾಪಸು ಬಂದು ನೋಡುತ್ತೇನೆ, ಆಂಪ್ಲಿಫೈಯರ್ ತನ್ನ ಸ್ಥಾನದಲ್ಲಿ ವಿರಾಜಮಾನವಾಗಿದೆ! ತಟ್ಟೆ ಹಾಕಿ, ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದೆ. ಗುಂಯ್ ಇಲ್ಲವೇ ಇಲ್ಲ. ಅಷ್ಟೇ ಅಲ್ಲ, ಮೊದಲಿಗಿಂತ ಆಳ, ಮೊದಲಿಗಿಂತ ತಿಳಿ.

"ಕೇಳಿಸ್ತಾ? ಇದು ಕಾರ್ಖಾನೆಯ ಕೈಗುಣ. ಮೊದಲನೇ ಸ್ವರದಲ್ಲೇ ಗೊತ್ತಾಗುತ್ತೆ."

"ಮೊದಲನೇ ಸ್ವರದಲ್ಲೇನಾ?" ಎಂದ ವುಕೊಮಾನ್.

"ಕಿವಿ ಇದ್ದೋರಿಗೆ."

ನಾನು ಅನ್ಯಾಯ ಮಾಡುವ ಮನುಷ್ಯನಲ್ಲ. ಬೈಯುವಾಗ ಬಾಯಿತುಂಬ ಬೈದವನು ಹೊಗಳುವಾಗ ಜಿಪುಣತನ ಮಾಡಬಾರದು. ಅಂದೇ ಕೂತು ಆನಂದ ವಿಭಾಗಕ್ಕೆ ಎರಡು ಪುಟದ ಪ್ರಶಂಸಾಪತ್ರ ಬರೆದೆ. ಮೂವತ್ತೊಂದು ವರ್ಷ ಪಳಗಿದ ಕಿವಿ, ಅದು ಮೊದಲ ಸ್ವರದಲ್ಲೇ ಗುರುತಿಸಿದ ಹಿರಿಯ ತಜ್ಞರ ಸ್ಪರ್ಶ, ಎಲ್ಲವನ್ನೂ ಹಾಕಿದೆ. ನನ್ನದೊಂದು ಫೋಟೋ ಕೂಡ ಲಗತ್ತಿಸಿದೆ.

ಹಬ್ಬದ ದಿನ ಮನೆ ತುಂಬಿತು. ಮೇಣದ ಬತ್ತಿ ಹಚ್ಚಿ, ಹಬ್ಬದ ರೊಟ್ಟಿ ಮುರಿದು, ಹುರಿದ ಮಾಂಸ, ಹಣ್ಣಿನ ಸಾರಾಯಿ ರಾಕಿಯಾ ಎಲ್ಲ ನಡೆದವು. ಗ್ರಾದಿಮಿರನೂ ಬಂದಿದ್ದ. ನಾನು ತಟ್ಟೆ ಹಾಡಿಸುವ ಮುಂಚೆ ಎದ್ದು ನಿಂತು ಮಾತು ಶುರುಮಾಡಿದೆ. ಯಂತ್ರಕ್ಕೂ ಗೌರವ ಇದೆ, ಬೆಸುಗೆ ಕಡ್ಡಿ ಹಿಡಿದವರೆಲ್ಲ ತಜ್ಞರಾಗುವುದಿಲ್ಲ, ಕೆಲವು ಕೈ ಇಸ್ತ್ರಿಪೆಟ್ಟಿಗೆಗೇ ಸರಿ, ಇಂಥ ಧ್ವನಿಯನ್ನು ಬಸ್ ನಿಲ್ದಾಣದ ಹತ್ತಿರ ಹುಟ್ಟಿಸಲಾಗದು ಎಂದೆಲ್ಲ ಹೇಳಿದೆ. ಗ್ರಾದಿಮಿರ ತಲೆ ತಗ್ಗಿಸಿ ಊಟ ಮಾಡುತ್ತಿದ್ದ.

"ಅಕ್ಕಾ," ಎಂದ ವುಕೊಮಾನ್, "ಐವಾರ್ ಮುಗೀತು. ಆ ಪೆಟ್ಟಿಗೆ ತರ್ಲಾ?"

"ಬೇಡ ಕಣೋ, ಹಬ್ಬದ ದಿನ."

"ಇದೇ ಬೆಸುಗೆ ಗ್ರಾದಿಮಿರ ಹಾಕಿದ್ದಿದ್ರೆ," ಎಂದೆ ನಾನು ಎಲ್ಲರ ಕಡೆ ತಿರುಗಿ, "ಆ ಕ್ಷಣವೇ ನನ್ನ ಕಿವಿ ಹೇಳ್ತಿತ್ತು!"

ಸ್ಲಾವೊಯ್ಕಾ ಬಟ್ಟಲು ಕೆಳಗಿಟ್ಟಳು. "ತಗೊಂಡ್ ಬಾ," ಎಂದಳು.

ವುಕೊಮಾನ್ ನನ್ನ ಮೂಲ ಪೆಟ್ಟಿಗೆಯನ್ನು ಹೊತ್ತು ತಂದು ಮೇಜಿನ ಮೇಲೆ ಇಟ್ಟ. ಕಂಪನಿಯ ಚಿನ್ನದ ಬಣ್ಣದ ಚೀಟಿ ಮೇಲೆ ಅಂಟಿತ್ತು: "ಪರೀಕ್ಷಿಸಲಾಗಿದೆ." ಅದರ ಕೆಳಗೆ ನಮ್ಮ ಮನೆಯ ಟೇಪು, ನಮ್ಮ ಮನೆಯ ಮೊಹರು ಹಾಗೇ ಇದ್ದವು. ಒಂದು ಉಗುರು ಸೋಕಿದ ಗುರುತೂ ಇರಲಿಲ್ಲ. ಸ್ಲಾವೊಯ್ಕಾ ಚಾಕುವಿನಿಂದ ಕೊಯ್ದಳು. ಮೇಲೆ ಅವಳ ಕೈಬರಹದ ಚೀಟಿ: "ಮಾನ್ಯರೇ, ಯಂತ್ರವನ್ನು ಇಲ್ಲೇ ರಿಪೇರಿ ಮಾಡಿಸಿದ್ದೇವೆ. ನೀವು ಪೆಟ್ಟಿಗೆ ಬಿಚ್ಚುವಿರೋ ಇಲ್ಲವೋ ನೋಡಬೇಕಿತ್ತು. ಐವಾರ್ ತಿಂದು ಒಂದು ಫೋನ್ ಮಾಡಿ." ಅದರ ಕೆಳಗೆ ಬಾಟಲಿಗಳು ಸಾಲಾಗಿ, ಕೆಂಪಗೆ, ಎಪ್ಪತ್ತೆರಡು ಗಂಟೆ ಪರೀಕ್ಷೆಗೊಳಗಾಗಿ ಕೂತಿದ್ದವು.

"ಮತ್ತೆ... ಆಂಪ್ಲಿಫೈಯರ್?"

"ಒಂದು ಗಂಟೆ ಗ್ರಾದಿಮಿರನ ಅಂಗಡೀಲಿ," ಎಂದಳು ಸ್ಲಾವೊಯ್ಕಾ. "ಐದು ವಾರ ವುಕೊಮಾನ್ ಮನೇಲಿ. ನೀವು ಮನೆ ಬಿಟ್ಟು ಹೋಗ್ತೀನಿ ಅಂದ್ರಲ್ಲ, ಹೇಳೋಕೆ ಧೈರ್ಯ ಬರ್ಲಿಲ್ಲ."

"ಬಹಳ ಚೆನ್ನಾಗಿದೆ ಭಾವ. ತುತ್ತೂರಿ ಬ್ಯಾಂಡಿಗಂತೂ ಹೇಳಿ ಮಾಡಿಸಿದ ಹಾಗಿದೆ," ಎಂದ ವುಕೊಮಾನ್.

ಗ್ರಾದಿಮಿರ ಮೊದಲ ಬಾರಿಗೆ ತಲೆ ಎತ್ತಿದ. "ಒಂದು ಕೆಪಾಸಿಟರ್ ಅಷ್ಟೇ ಅಣ್ಣಾ. ಸ್ಕ್ರೂಡ್ರೈವರ್ ಉಜ್ಜೋದಕ್ಕೇ ಜಾಸ್ತಿ ಹೊತ್ತು ಹಿಡೀತು."

ಮೂವತ್ತು ಜನ ಹೇಗೆ ನಕ್ಕರು ಎಂಬುದನ್ನು ವರ್ಣಿಸಲಾರೆ. ನನಗೆ ಅವರ ಮೇಲೆ ಸಿಟ್ಟಿಲ್ಲ. (ಇದೆ.) ಆದರೆ ನನ್ನ ರಕ್ತ ಕುದಿದದ್ದು ಆ ಕಂಪನಿಯ ಮೇಲೆ. ಮೆಣಸಿನಕಾಯಿಯನ್ನು ಶ್ರುತಿಗೊಳಿಸಿದ ಮೋಸಗಾರರು! ಸಾಕ್ಷ್ಯ ಸಮೇತ ಸಿಕ್ಕಿಬಿದ್ದಿದ್ದಾರೆ! ಊಟದ ಮೇಜಿನಿಂದಲೇ ಎದ್ದು ಹೋಗಿ, ಮೊಹರಿನ ಫೋಟೋ, ಬಾಟಲಿಗಳ ಫೋಟೋ ಲಗತ್ತಿಸಿ ಬೆಂಕಿಯಂಥ ದೂರು ಕಳಿಸಿದೆ.

ಕಂಪನಿಯ ಇತಿಹಾಸದಲ್ಲೇ ಮೊದಲ ಬಾರಿಗೆ ನಾಲ್ಕು ನಿಮಿಷದಲ್ಲಿ ಉತ್ತರ ಬಂತು.

"ಮಾನ್ಯ ರಾತೊಮಿರ್ ಅವರೇ, ತಮ್ಮ ಪ್ರಶಂಸಾಪತ್ರವನ್ನು ಭಾವಚಿತ್ರ ಸಹಿತ ನಮ್ಮ ಮುಖಪುಟದಲ್ಲಿ ಪ್ರಕಟಿಸಿದ್ದೇವೆ. ನಮ್ಮ ತಜ್ಞರ ಸ್ಪರ್ಶವನ್ನು ಮೊದಲ ಸ್ವರದಲ್ಲೇ ಗುರುತಿಸಿದ್ದಾಗಿ ತಾವೇ ಖಚಿತಪಡಿಸಿರುವುದರಿಂದ ಈ ದೂರನ್ನು ಸ್ವೀಕರಿಸಲಾಗದು. ತಾವು ಒತ್ತಾಯಿಸುವುದಾದರೆ, ತಮಗೆ ಧ್ವನಿಯಲ್ಲಿನ ವ್ಯತ್ಯಾಸ ತಿಳಿಯುವುದಿಲ್ಲವೆಂದು ಒಪ್ಪಿ, ಲಗತ್ತಿಸಿದ ನಮೂನೆಗೆ ಕುಟುಂಬದ ಇಬ್ಬರು ಸಾಕ್ಷಿಗಳೊಂದಿಗೆ ಸಹಿ ಮಾಡಿ ಕಳುಹಿಸತಕ್ಕದ್ದು."

ಆ ನಮೂನೆ ಈಗ ನನ್ನ ಮುಂದೆ ಇದೆ. ಇಂಥ ಕಂಪನಿಯನ್ನು ಸುಮ್ಮನೆ ಬಿಡಬಾರದು, ಜಗತ್ತಿಗೆ ತಿಳಿಯಬೇಕು ಎಂದು ದಿನವೂ ಪೆನ್ನು ಎತ್ತಿಕೊಳ್ಳುತ್ತೇನೆ. ಸಾಕ್ಷಿಗಳ ಜಾಗದಲ್ಲಿ ಸ್ಲಾವೊಯ್ಕಾ, ವುಕೊಮಾನ್ ಇಬ್ಬರೂ ಹಬ್ಬದ ದಿನವೇ ಸಹಿ ಹಾಕಿ ಕೊಟ್ಟಿದ್ದಾರೆ. ನನ್ನದೊಂದೇ ಬಾಕಿ.