ವಠಾರದ ಫ್ಯಾನಿನಲ್ಲಿ ಮಂಗಳಕ್ಕನ ದನಿ

"ಅತ್ತಿಗೆ, ಇವತ್ತಿಗೆ ನಿಮ್ಮ ಕಷ್ಟ ಎಲ್ಲಾ ಮುಗೀತು ಅನ್ಕೊಳ್ಳಿ!" ಎನ್ನುತ್ತಾ ಪಂಚಾಕ್ಷರಿ ಅಡುಗೆಮನೆ ಕಟ್ಟೆಯ ಮೇಲೆ ಯಂತ್ರ ತಂದಿಟ್ಟ.

ಮಂಗಳಕ್ಕ ನಿಟ್ಟುಸಿರು ಬಿಟ್ಟಳು. ಮೈದುನನ ಹಿಂದಿನ ಯಂತ್ರ ಸುಟ್ಟ ಕಲೆ ಕಟ್ಟೆಯ ಮೇಲೆ ಇನ್ನೂ ಇತ್ತು. ಉಜ್ಜಿ ಉಜ್ಜಿ ಅವಳಿಗೆ ಸಾಕಾಗಿತ್ತು. ಈ ಸಲದ್ದು ಹಳೇ ರೇಡಿಯೊ, ಮಿಕ್ಸಿ ಜಾರಿನ ಮುಚ್ಚಳ, ಒಂದು ರಾಶಿ ತಾಮ್ರದ ತಂತಿ.

"ಇದೇನಪ್ಪಾ ಮತ್ತೆ?"

"ಸ್ವಯಂ ಸಮ್ಮೋಹನ ಯಂತ್ರ! ನಿಮಗೆ ಬೇಕಾದ್ದನ್ನ ನಿಮ್ಮ ದನಿಯಲ್ಲೇ ರೆಕಾರ್ಡ್ ಮಾಡಿ. ಬರೀ ಬಾಯಿಮಾತಿಗೆ ಇದು ಸೊಪ್ಪು ಹಾಕಲ್ಲ. ರೂಢಿಯಾಗಿ ಒಳಗಿಂದ ಬಂದ ಮಾತನ್ನಷ್ಟೇ ಆರಿಸ್ಕೊಂಡು, ಕೇಳಿದೋರ ಮೆದುಳಿಗೇ ನಾಟಿಸುತ್ತೆ!"

ಮಂಗಳಕ್ಕನಿಗೆ ಬೇಕಾಗಿದ್ದುದು ಒಂದೇ ಮಾತು: ಆಗಲ್ಲ. ವಠಾರದಲ್ಲಿ ಯಾರ ಮನೆಯ ಶುಭಕಾರ್ಯಕ್ಕೂ ಹೋಳಿಗೆ ತಟ್ಟುವವಳು ಅವಳೇ. ಮಣಿಕಟ್ಟು ಊದಿಕೊಂಡಿತ್ತು. ನಾಳೆ ಪಕ್ಕದ ಮನೆ ಜಲಜಮ್ಮನ ಮೊಮ್ಮಗನ ನಾಮಕರಣ. ಹೋಳಿಗೆಗೆ ಕೇಳಲು ಬಂದೇ ಬರುತ್ತಾಳೆ.

ಪಂಚಾಕ್ಷರಿ ಬ್ಯಾಟರಿ ಹಾಕಿ ರೆಕಾರ್ಡಿನ ಗುಂಡಿ ಒತ್ತಿದ. ಅವಳು ಕಣ್ಣು ಮುಚ್ಚಿ ಶುರು ಮಾಡಿದಳು. "ನಾನು ಆಗಲ್ಲ ಅಂತೀನಿ... ಧೈರ್ಯವಾಗಿ ಅಂತೀನಿ..."

"ಮಂಗಳಮ್ಮಾ, ನೀರಿನ ಮೋಟರ್ ಹಾಕ್ತೀರಾ?" ಮನೆ ಮಾಲೀಕ ಪುಟ್ಟಸ್ವಾಮಪ್ಪ ಅಂಗಳದಿಂದ ಕೂಗಿದರು.

"ಆಯ್ತು ಬಿಡಿ, ನಾನೇ ಮಾಡ್ಕೊಡ್ತೀನಿ!"

ಹಾಕಿ ಬಂದು ಮತ್ತೆ ಕಣ್ಣು ಮುಚ್ಚುವಷ್ಟರಲ್ಲಿ ಜಲಜಮ್ಮ ಬಾಗಿಲಲ್ಲಿದ್ದಳು. "ನಾಳೆ ಹೋಳಿಗೆ ನಿಂದೇ ಕಣೇ. ನಿನ್ನ ಕೈಯ ರುಚಿ ಯಾರಿಗೆ ಬರುತ್ತೆ?"

"ಅದು... ಕೈ ಸ್ವಲ್ಪ..." ಎಂದು ತಡವರಿಸಿದ ಮಂಗಳಕ್ಕ, "ಆಯ್ತು ಬಿಡಿ, ನಾನೇ ಮಾಡ್ಕೊಡ್ತೀನಿ" ಎಂದುಬಿಟ್ಟಳು. ತನ್ನ ಬಾಯಿಯ ಮೇಲೆ ತನಗೇ ಸಿಟ್ಟು ಬಂತು, ಅಳುವೂ ಬಂತು. ರೆಕಾರ್ಡು ಓಡುತ್ತಲೇ ಇದೆಯೆಂಬುದು ಅತ್ತಿಗೆ ಮೈದುನ ಇಬ್ಬರಿಗೂ ಹೊಳೆಯಲಿಲ್ಲ.

ಊಟವಾದ ಮೇಲೆ ಪಂಚಾಕ್ಷರಿ ರೆಕಾರ್ಡನ್ನು ಅತ್ತಿಗೆಗೆ ಕೇಳಿಸಲು ಯಂತ್ರದ ಪ್ಲಗ್ ಚುಚ್ಚಿದ. ಇಡೀ ವಠಾರಕ್ಕೆ ಇರುವುದು ಒಂದೇ ಮೀಟರು. ಮಂಗಳಕ್ಕನ ದನಿ ತಂತಿ ಹಿಡಿದು ಮನೆಮನೆಗೂ ಹೋಗಿ, ತಿರುಗುತ್ತಿದ್ದ ಫ್ಯಾನುಗಳಿಂದೆಲ್ಲ ಇಳಿಯಿತು: "ಆಯ್ತು ಬಿಡಿ, ನಾನೇ ಮಾಡ್ಕೊಡ್ತೀನಿ... ನಾನೇ ಮಾಡ್ಕೊಡ್ತೀನಿ..."

ಮೊದಲು ಎದ್ದವರು ಪುಟ್ಟಸ್ವಾಮಪ್ಪ. ಜನ್ಮದಲ್ಲಿ ಪೊರಕೆ ಮುಟ್ಟದವರು ಅಂಗಳ ಗುಡಿಸಿದರು, ಮೋರಿ ತೊಳೆದರು, ಕೇಳದೇ ಎಲ್ಲರ ಮನೆಗೂ ಸುಣ್ಣ ಹೊಡೆಯಲು ನಿಂತರು! ಜಲಜಮ್ಮ ನಾಳೆಯ ಹೋಳಿಗೆಗೆ ಇವತ್ತೇ ಕಣಕ ನಾದಲು ಕೂತಳು. ಸಹಾಯಕ್ಕೆ ಬಂದವರು ಲಟ್ಟಣಿಗೆಗೆ ಜಗ್ಗಾಡಿದರು.

"ಬಿಡಿ, ನಾನೇ ಲಟ್ಟಿಸ್ತೀನಿ!"

"ಕೊಡ್ರೀ ಇಲ್ಲಿ, ನಾನೇ ಮಾಡ್ಕೊಡ್ತೀನಿ!"

ಮಂಗಳಕ್ಕನಿಗೆ ಮಾತ್ರ ಏನೂ ಆಗಲಿಲ್ಲ. ಆ ಮಾತು ಅವಳಲ್ಲಿ ಮದುವೆಯಾದ ದಿನದಿಂದಲೂ ನಾಟಿತ್ತು, ಹೊಸದಾಗಿ ನಾಟಲು ಜಾಗವಿರಲಿಲ್ಲ. ಅವಳು ಪ್ಲಗ್ಗಿನ ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿ ಕೂತಳು. ಯಾರೋ ಅವಳ ಕೈಗೆ ಎಣ್ಣೆ ತಿಕ್ಕಿದರು. ಇನ್ಯಾರೋ ತಟ್ಟೆಯಲ್ಲಿ ಬಿಸಿ ಹೋಳಿಗೆ ತಂದಿಟ್ಟರು.

ಅಷ್ಟರಲ್ಲಿ ಪಂಚಾಕ್ಷರಿ ಪಾತ್ರೆ ತೊಳೆದ ಒದ್ದೆ ಕೈಯಲ್ಲೇ ಓಡಿಬಂದ. ಅವನಿಗೂ ಮಾತು ನಾಟಿತ್ತು. "ಆಯ್ತು ಬಿಡಿ ಅತ್ತಿಗೆ, ಯಂತ್ರ ನಾನೇ ಸರಿ ಮಾಡ್ಕೊಡ್ತೀನಿ! ಪ್ಲಗ್ ಕೀಳ್ಬೇಕು, ಸ್ವಲ್ಪ ಸರೀತೀರಾ?"

ಮಂಗಳಕ್ಕ ಅವನನ್ನು ನೋಡಿದಳು. ಆಮೇಲೆ ಫ್ಯಾನನ್ನು ನೋಡಿದಳು.

"ಆಗಲ್ಲ" ಎಂದಳು.

ಹೋಳಿಗೆ ತುಂಬ ದಪ್ಪವಾಗಿತ್ತು, ಒಂದು ಕಡೆ ಸೀದೂ ಇತ್ತು. ಅವಳು ಇನ್ನೊಂದು ಹಾಕಿಸಿಕೊಂಡಳು.