ಹಾಲಿನವ್ವನ ಎಮ್ಮೆ ಮತ್ತು ದೊಡ್ಡ ಕೋರ್ಟಿನ ತೀರ್ಪು

ನಮ್ಮ ಕಡೆ ಕಳುವಾದರೆ ಅದೇನು ಸುದ್ದಿಯಲ್ಲ. ಕಳುವಾಗಿದೆ ಎಂದು ಠಾಣೆಯವರು ಒಪ್ಪಿಕೊಂಡರೆ ಅದು ಸುದ್ದಿ. ತೆಲುಗು ಸೀಮೆಯ ನಾರಾಯಣಪೇಟೆ ಕೋರ್ಟಿನಲ್ಲಿ ಕರಿ ಕೋಟು ಹಾಕಿಕೊಂಡೇ ತಲೆ ಬೆಳ್ಳಗಾದ ನನಗೆ ಅಂಥ ಸುದ್ದಿ ಅಪರೂಪ. ಕಳುವಿನಂಥ ಅಪರಾಧದ ಫಿರ್ಯಾದು ಬಂದರೆ ಮೊದಲು ಎಫ್‌ಐಆರ್ ಬರೆಯಲೇಬೇಕು, ಉಳಿದದ್ದು ಆಮೇಲೆ ಎಂದು ದೆಹಲಿಯ ದೊಡ್ಡ ಕೋರ್ಟು ಹೇಳಿ ಎಷ್ಟೋ ವರ್ಷವಾಯಿತು. ಆ ತೀರ್ಪು ದೆಹಲಿಯಲ್ಲಿ ರೈಲು ಹತ್ತಿದ್ದು ನಿಜ. ನಮ್ಮ ಕೃಷ್ಣಾ ರೈಲ್ವೆ ಸ್ಟೇಷನ್ನಿನಲ್ಲಿ ಇಳಿದದ್ದನ್ನು ನೋಡಿದವರು ಮಾತ್ರ ಯಾರೂ ಇಲ್ಲ.

ಹಸಿವಾದರೆ ಬರುತ್ತದೆ

ಮಕ್ತಲ್‌ನಲ್ಲಿರುವ ನಮ್ಮ ಮನೆಗೆ ಹಾಲು ಹಾಕುವ ಮುದುಕಿಯನ್ನು ನಾವೆಲ್ಲ ಹಾಲಿನವ್ವ ಎನ್ನುತ್ತೇವೆ. ಗಂಡ ಇಲ್ಲ, ಹೊಲ ಇಲ್ಲ, ಇರುವುದು ಒಂದು ಕರೆಯುವ ಎಮ್ಮೆ. ಆಕೆಯ ಒಲೆ ಉರಿಯುವುದೇ ಅದರ ಕೆಚ್ಚಲಿನಿಂದ. ಒಂದು ಮುಂಜಾನೆ ಹಾಲಿನ ಬದಲು ಕೈಯಲ್ಲಿ ಹಗ್ಗದ ತುಂಡು ಹಿಡಿದು ಬಂದಳು.

"ವಕೀಲ್ರ, ನನ್ನ ಎಮ್ಮಿ ಹೊಡಕೊಂಡು ಹೋಗ್ಯಾರ್ರಿ. ಕರ ಒದರಾಕ ಹತ್ತೈತಿ."

ಆಕೆಯ ಊರಿನ ಠಾಣೆಗೆ ಇಬ್ಬರೂ ಹೋದೆವು. ಯಾವ ಠಾಣೆ ಎಂದು ಹೇಳುವುದಿಲ್ಲ. ನಾಳೆಯೂ ನನಗೆ ಅಲ್ಲಿ ಕೆಲಸವಿದೆ. ಎಸ್ಸೈ ಸಾಹೇಬರದು ತೆಲುಗು ಮನೆಮಾತು, ನಮ್ಮ ಜನರ ಸಹವಾಸದಿಂದ ಕನ್ನಡವೂ ಬಂದಿತ್ತು.

"ಎಲ್ಲೋ ಮೇಯಾಕ ಹೋಗಿರ್ತೈತಿ ತಗೋ ಅವ್ವ. ಹಸಿವಾದ್ರ ತಾನ ಬರ್ತೈತಿ."

"ಹಗ್ಗ ಕೊಯ್ದಾರ್ರಿ ಸಾಹೇಬ್ರ! ನೋಡ್ರಿ, ಕುಡುಗೋಲಿಲೆ ಕೊಯ್ದಂಗೈತಿ."

ಸಾಹೇಬರು ಹಗ್ಗವನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, ಬಹಳ ಹೊತ್ತು ಪರೀಕ್ಷೆ ಮಾಡಿದರು. ಕೊನೆಗೆ ತನಿಖೆಯ ಫಲ ಹೊರಬಿತ್ತು.

"ಎಮ್ಮಿ ತಾನ ಹಲ್ಲಿಲೆ ಕಡದಿರಬೇಕು. ರೇಪು ರಾ."

ನಾಳೆ ಬಾ ಎನ್ನುವ ಆ ತೆಲುಗು ಮಾತು ಮಾತ್ರ ನಮ್ಮ ಕಡೆ ಯಾವ ಠಾಣೆಯಲ್ಲೂ ತಡವಿಲ್ಲದೆ ಸಿಗುತ್ತದೆ.

ಯಾರ ಸರಹದ್ದು?

ಮರುದಿನ ಸಾಹೇಬರು ಒಂದು ಹೆಜ್ಜೆ ಮುಂದೆ ಬಂದಿದ್ದರು. ಕಳುವಾಗಿರಬಹುದು, ಆದರೆ ತಮ್ಮ ಸರಹದ್ದಿನಲ್ಲಿ ಆಗಿಲ್ಲ ಎಂದರು. ಎಮ್ಮೆ ಕಟ್ಟಿದ್ದ ಬೇವಿನ ಮರದ ಬೇರು ತಮ್ಮದು, ನೆರಳು ಮಾತ್ರ ಹಳ್ಳದಾಚೆಯ ಠಾಣೆಯದು. ಎಮ್ಮೆ ನೆರಳಿನಲ್ಲಿ ನಿಂತಿತ್ತಲ್ಲವೇ?

ಆಚೆಯ ಠಾಣೆಯವರು ಅಷ್ಟೇ ಪ್ರೀತಿಯಿಂದ ನಮ್ಮನ್ನು ಈಚೆಗೆ ಕಳಿಸಿದರು. ಯಾವ ಠಾಣೆಯಲ್ಲಾದರೂ ಫಿರ್ಯಾದು ತಗೊಂಡು, ಆಮೇಲೆ ಸಂಬಂಧಪಟ್ಟ ಠಾಣೆಗೆ ಕಳಿಸಬೇಕೆಂಬ ಕಾನೂನನ್ನು ನಾನು ಹೇಳಿದೆ. ಅಲ್ಲಿನ ರೈಟರು ಗೌರವದಿಂದ ಕೇಳಿ, "ಚಲೋ ಕಾನೂನೈತಿ ಸಾರ್. ಮೊದ್ಲು ಆ ಠಾಣೆದಾಗ ಹೇಳ್ರಿ" ಎಂದ.

ದಾರಿಯಲ್ಲಿ ಹಾಲಿನವ್ವ ಕೇಳಿದಳು, "ಹೋದ ಬ್ಯಾಸಗ್ಯಾಗ ಅದ ಗಿಡದ ಬುಡಕ ಕಳ್ಳ ಮರಳಿನ ಲಾರಿ ಸಿಕ್ಕಾಗ, ಈ ಎರಡೂ ಠಾಣೆಯವ್ರು ಜಾಗ ನಮ್ದು ನಮ್ದು ಅಂತ ಯಾಕ ಬಡದಾಡಿದ್ರು ವಕೀಲ್ರ?"

 

ಮನೆಯ ಜಗಳ

ಈ ಸಲ ತೀರ್ಪಿನ ಜೆರಾಕ್ಸನ್ನೇ ತೆಗೆದುಕೊಂಡು ಹೋಗಿ ಎಸ್ಸೈ ಸಾಹೇಬರ ಮೇಜಿನ ಮೇಲಿಟ್ಟೆ. ಅವರು ಓದಿದರು ಕೂಡ. ಆದರೆ ಎಫ್‌ಐಆರ್ ಕಡ್ಡಾಯ ಎಂಬ ಪುಟಗಳನ್ನೆಲ್ಲ ಬೆರಳಿನಿಂದ ಹಾರಿಸಿ, ಗಂಡ ಹೆಂಡಿರ ಜಗಳ, ಮನೆತನದ ತಂಟೆ ಇಂಥವಕ್ಕೆ ಮೊದಲು ಪ್ರಾಥಮಿಕ ವಿಚಾರಣೆ ಮಾಡಬಹುದು ಎಂಬ ಸಾಲಿಗೆ ಬಂದು ಗಕ್ಕನೆ ನಿಂತರು.

"ಏನವ್ವಾ, ಎಮ್ಮೀನ ಹೆಂಗ ಸಾಕಿದ್ದಿ?"

"ಹೊಟ್ಟಿ ಮಗಳಂಗ ಸಾಕೀನ್ರಿ."

"ನೋಡ್ರಿ ವಕೀಲ್ ಸಾಬ್! ಮಗಳು ಮನಿ ಬಿಟ್ಟು ಹೋಗ್ಯಾಳ. ಇದು ಮನೆತನದ ವಿಷಯ. ವಿಚಾರಣೆ ಮಾಡಿ ನೋಡೋಣು."

ನಾನು ಬಾಯಿ ತೆರೆಯುವುದರೊಳಗೆ ಇನ್ನೊಂದು ಕಾನೂನು ತೆಗೆದರು. ಸಣ್ಣ ಬೆಲೆಯ ಮಾಲಾದರೆ ಹೊಸ ಕಾಯ್ದೆಯಲ್ಲಿ ಕೋರ್ಟಿನ ಅಪ್ಪಣೆ ಇಲ್ಲದೆ ತನಿಖೆ ಇಲ್ಲವಂತೆ, ಈ ಮುದಿ ಎಮ್ಮೆಗೆ ಅಂಥ ಬೆಲೆಯೇನೂ ಬರಲಾರದಂತೆ.

ಎಮ್ಮೆ ಹೋದಾಗ ಅತ್ತಿದ್ದ ಹಾಲಿನವ್ವ ಈಗ ಸೊಂಟಕ್ಕೆ ಸೆರಗು ಬಿಗಿದಳು. "ನನ್ನ ಎಮ್ಮೀಗೆ ಬೆಲಿ ಇಲ್ಲೇನ್ರಿ? ಅದರ ಹಾಲಿನ ಚಾ ಕುಡದು ಇಲ್ಲಿ ಹಿಂದಿನ ಸಾಹೇಬ್ರು ಬಡ್ತಿ ತಗೊಂಡು ಹೋಗ್ಯಾರ!"

ನಾವು ಜಿಲ್ಲೆಯ ದೊಡ್ಡ ಪೊಲೀಸ್ ಸಾಹೇಬರಿಗೆ ದರಖಾಸ್ತು ಹಾಕಿದೆವು. ಎಸ್ಸೈ ಕೆಲಸ ಮಾಡುತ್ತಿಲ್ಲ ಎಂಬ ಆ ದರಖಾಸ್ತು ವಿಚಾರಣೆಗಾಗಿ ಅದೇ ಎಸ್ಸೈ ಬಳಿಗೆ ಬಂತು. ಅವರು ಕೂಲಂಕಷವಾಗಿ ವಿಚಾರಿಸಿ, ಎಸ್ಸೈ ನಿರ್ದೋಷಿ ಎಂದು ಬರೆದು ಕಳಿಸಿದರು.

ಮಧ್ಯದಲ್ಲಿ ಎಮ್ಮೆ

ಕೊನೆಗೆ ಮ್ಯಾಜಿಸ್ಟ್ರೇಟರ ಮುಂದೆ ಹೋದೆ. ಅವರು ಕನ್ನಡಕದ ಮೇಲಿನಿಂದ ಸರ್ಕಾರಿ ವಕೀಲರನ್ನು ನೋಡಿದ ನೋಟಕ್ಕೇ ಅರ್ಧ ಎಫ್‌ಐಆರ್ ತಯಾರಾಯಿತು, ಉಳಿದರ್ಧ ಆದೇಶ ಬಂದ ಮೇಲೆ.

ಕೇಸು ದಾಖಲಾದ ವಾರದಲ್ಲೇ ಗದ್ವಾಲ ಕಡೆಯ ದನದ ಸಂತೆಯಲ್ಲಿ ಎಮ್ಮೆ ಕಳ್ಳನ ಸಮೇತ ಸಿಕ್ಕಿತು. ಹುಡುಕಿದರೆ ಸಿಗುತ್ತದೆ ಎಂಬುದು ಠಾಣೆಗೂ ಆಶ್ಚರ್ಯ. ಮರುದಿನದ ಪೇಪರಿನಲ್ಲಿ ಫೋಟೊ ಬಂತು: ಮಧ್ಯದಲ್ಲಿ ಎಮ್ಮೆ, ಹಿಂದೆ ಸಾಲಾಗಿ ಪೊಲೀಸರು, ಮೂಲೆಯಲ್ಲಿ ಮುಸುಕು ಹಾಕಿದ ಕಳ್ಳ. ಬೆಲೆಯೇ ಇಲ್ಲದ ಮುದಿ ಎಮ್ಮೆ ಈಗ "ಉತ್ತಮ ತಳಿಯ, ಭಾರಿ ಬೆಲೆಯ ಎಮ್ಮೆ" ಆಗಿತ್ತು.

ಅಷ್ಟು ಬೆಲೆಯ ಎಮ್ಮೆಯನ್ನು ಸುಮ್ಮನೆ ಕೊಡುತ್ತಾರೆಯೇ? ಅದು ಕೇಸಿನ ಮುದ್ದೆಮಾಲು, ಜಪ್ತಿಯಾದ ಸೊತ್ತು, ಕೋರ್ಟಿನ ಅಪ್ಪಣೆ ಬೇಕು ಎಂದು ಠಾಣೆಯ ಹಿತ್ತಿಲಲ್ಲಿ ಕಟ್ಟಿಕೊಂಡರು. ತನಿಖೆ ದಿನಕ್ಕೆರಡು ಸಲ, ತಂಬಿಗೆ ಹಿಡಿದು, ತಪ್ಪದೆ ನಡೆಯಿತು. ಮನೆಯಲ್ಲಿ ಕರ ಎಲುಬು ಬಿಡುತ್ತಿತ್ತು. ನನಗೆ ನಗು ಹೋಗಿ ಸಿಟ್ಟು ಬಂದಿತ್ತು. ಎಮ್ಮೆ ಬಿಡಿಸಲು ಅರ್ಜಿ ಹಾಕಿದೆ. ಒಡೆತನ ಇನ್ನೂ ಖಾತ್ರಿಯಾಗಿಲ್ಲ ಎಂದು ಠಾಣೆಯ ತಕರಾರು ಬಂತು. ಎಮ್ಮೆಯನ್ನೇ ಕರೆತನ್ನಿ, ಅದು ಯಾರ ಹಿಂದೆ ಹೋಗುತ್ತದೋ ನೋಡೋಣ ಎಂದರು ಮ್ಯಾಜಿಸ್ಟ್ರೇಟರು.

ಮುದ್ದೆಮಾಲು ನಾಪತ್ತೆ

ಎಮ್ಮೆಯನ್ನು ಹಾಜರುಪಡಿಸಬೇಕಾದ ಮುಂಜಾನೆ ಎಸ್ಸೈ ಸಾಹೇಬರು ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದರು. ಟೋಪಿ ಕಂಕುಳಲ್ಲಿ, ಕೈಯಲ್ಲಿ ಹಗ್ಗದ ತುಂಡು.

"ವಕೀಲ್ ಸಾಬ್, ಠಾಣೆದಾಗಿನ ಎಮ್ಮಿ ಕಳುವಾಗೈತ್ರಿ."

ತಮ್ಮ ಠಾಣೆಯಲ್ಲಾದ ಕಳುವನ್ನು ತಾವೇ ಬರೆದುಕೊಂಡರೆ ನೌಕರಿಗೆ ಕುತ್ತು. ಅದಕ್ಕೇ ಹಳ್ಳದಾಚೆಯ ಠಾಣೆಗೆ ಹೋಗಿದ್ದರಂತೆ. ಅಲ್ಲಿನವರು ಸರಹದ್ದು ನಮ್ಮದಲ್ಲ, ಮೇಯಾಕ ಹೋಗಿರಬೇಕು, ರೇಪು ರಾ ಎಂದರಂತೆ.

"ಯಾವ ಠಾಣೆಯವ್ರಾದ್ರೂ ಬರಕೋಬೇಕಂತ ದೊಡ್ಡ ಕೋರ್ಟ್ ಹೇಳೈತಲ್ರಿ, ಆ ಜೆರಾಕ್ಸ್ ಒಂದು ಕಾಪಿ ಕೊಡ್ರಿ. ಕಾನೂನು ಅಂದ್ರ ಅವ್ರಿಗೆ ಕಿಮ್ಮತ್ತೇ ಇಲ್ರಿ!"

ನನ್ನ ಸರ್ವಿಸಿನಲ್ಲಿ ಆ ತೀರ್ಪನ್ನು ಇಷ್ಟು ಭಕ್ತಿಯಿಂದ ಕೇಳಿದವರು ಇವರೊಬ್ಬರೇ. ಕಾಪಿ ಕೊಟ್ಟು ಕೂರಿಸಿದೆ. ಮನೆಯಾಕೆ ಚಹಾ ತಂದಳು. ಸಾಹೇಬರು ಒಂದು ಗುಟುಕು ಕುಡಿದವರು ಕಪ್ಪನ್ನು ಕೆಳಗಿಟ್ಟರು. ಗಟ್ಟಿ ಹಾಲಿನ ಆ ರುಚಿ ಅವರಿಗೆ ಚೆನ್ನಾಗಿ ಗುರುತಿತ್ತು.

ಅಡುಗೆಮನೆಯಿಂದ ಖಾಲಿ ಕ್ಯಾನು ಹಿಡಿದು ಹಾಲಿನವ್ವ ಹೊರಗೆ ಬಂದಳು. ಹುಲ್ಲಿಗೆ ಹೊರಟಿದ್ದಳು, ಸೊಂಟದಲ್ಲಿ ಕುಡುಗೋಲು ಸಿಕ್ಕಿಸಿತ್ತು.

"ಅವ್ವಾ, ಎಮ್ಮಿ ನಿನ್ನ ಮನ್ಯಾಗೈತೇನು?"

"ಹಸಿವಾದ್ರ ತಾನ ಬರ್ತೈತಿ ಅಂದಿದ್ರಲ್ರಿ ಸಾಹೇಬ್ರ. ಬಂತ್ರಿ."

ಸಾಹೇಬರು ಹಗ್ಗದ ತುಂಡನ್ನು ಎತ್ತಿ ಆಕೆಯ ಮುಖದ ಮುಂದೆ ಹಿಡಿದರು. "ತಾನ ಬಂತಾ? ಈ ಹಗ್ಗ ನೋಡು, ಕುಡುಗೋಲಿಲೆ ಕೊಯ್ದಾರ!"

ಹಾಲಿನವ್ವ ಹಗ್ಗವನ್ನು ಇಸಿದುಕೊಂಡು ಬೆಳಕಿಗೆ ಹಿಡಿದಳು. ಹಿಂದೆ ಮುಂದೆ ತಿರುಗಿಸಿ, ಬಹಳ ಹೊತ್ತು ಪರೀಕ್ಷೆ ಮಾಡಿದಳು.

"ಎಮ್ಮಿ ತಾನ ಹಲ್ಲಿಲೆ ಕಡದಿರಬೇಕ್ರಿ."